ಸವೆದ ತುದಿಯ ಸ್ಕೇಲು

ಜನವರಿ ೧೮

ಅಪ್ಪನಿಗೆ, ಮತ್ತು ಅಪ್ಪನ ಭುಜದ ಮೇಲಿಂದ ಇಣುಕಿ ಓದುತ್ತಿರುವ ಅಮ್ಮನಿಗೆ,

ಫೋನು ಮಾಡಿದರೆ ಅಪ್ಪನಿಗೆ ಕೇಳಿಸುವುದಿಲ್ಲ. ಕೇಳಿಸಿದ ಹಾಗೆ ಹೂಂ ಹೂಂ ಅನ್ನುತ್ತೀರಿ, ಆಮೇಲೆ ಅಮ್ಮನ ಕಡೆ ತಿರುಗಿ "ಏನಂತೆ?" ಅಂತ ಕೇಳುತ್ತೀರಿ. ಅದಕ್ಕೇ ಈ ಪತ್ರ. ಪತ್ರದಲ್ಲಾದರೆ ನನ್ನ ಮಾತನ್ನು ಅರ್ಧಕ್ಕೆ ತುಂಡು ಮಾಡುವುದಕ್ಕೂ ನಿಮಗೆ ಆಗುವುದಿಲ್ಲ.

ನಾನು ಈ ಶಾಲೆಗೆ ಸೇರಿ ಒಂದೂವರೆ ವರ್ಷವಾಯಿತು. ಮೂರನೇ ಕ್ಲಾಸಿನ ಒಂದು ವಿಭಾಗ ಕೊಟ್ಟಿದ್ದಾರೆ, ಇಪ್ಪತ್ತೇಳು ಮಕ್ಕಳು. ಕೆಲಸ ಇನ್ನೂ ಖಾಯಂ ಆಗಿಲ್ಲ, ಈ ವರ್ಷದ ಕೊನೆಗೆ ಆಗಬೇಕು. ಅಂಗಡಿ ಬಿಟ್ಟು ಹೊರಟ ದಿನ ನೀವು "ಗಿಳಿಗಳಿಗೆ ಪಾಠ ಹೇಳೋಕೆ ಹೋಗ್ತೀಯಾ, ಹೋಗು" ಅಂದಿರಿ. ನಾನೂ ಕಡಿಮೆಯವಳಲ್ಲ, ತಲೆಯಿಂದ ಗರಗಸದ ಹೊಟ್ಟು ಉದುರಿದರೆ ಸಾಕು ಅಂದೆ. ಇಬ್ಬರಿಗೂ ನೆನಪಿರುವ ಮಾತು, ಇಲ್ಲಿಗೆ ಬಿಡೋಣ.

ಮುಂದಿನ ತಿಂಗಳು ನಮ್ಮ ಮಕ್ಕಳಿಗೆ ದೊಡ್ಡ ಪರೀಕ್ಷೆ. ಎಲ್ಲ ಶಾಲೆಗಳ ಮೂರನೇ ಕ್ಲಾಸಿಗೂ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆ. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದರ ಮುಂದಿನ ಸೊನ್ನೆಗೆ ಪೆನ್ಸಿಲಿನಿಂದ ಕಪ್ಪು ತುಂಬಬೇಕು. ತಿದ್ದುವುದು ಯಂತ್ರ. ಯಾವ ಶಾಲೆ ಎಷ್ಟನೆಯದು ಅಂತ ಪಟ್ಟಿ ಬರುತ್ತದೆ. ಹೆಡ್‌ಮೇಡಂ ಈಗಲೇ ಮೆಟ್ಟಿಲು ಹತ್ತುವಾಗಲೂ ಸರಾಸರಿ ಲೆಕ್ಕ ಹಾಕುತ್ತಿರುತ್ತಾರೆ.

ಶಾಲೆಯ ಉಗ್ರಾಣದಲ್ಲಿ ಮರದ ಸ್ಕೇಲುಗಳ ಒಂದು ಪೆಟ್ಟಿಗೆ ಸಿಕ್ಕಿತು. ಯಾವ ಕಾಲದವೋ, ತುದಿಗಳೆಲ್ಲ ಸವೆದು, ಕಚ್ಚಿಸಿಕೊಂಡು, ಸೊನ್ನೆಯೇ ಮಾಯವಾಗಿದೆ. ಕೈಗೆತ್ತಿಕೊಂಡಾಗ ನಿಮ್ಮ ನೆನಪಾಯಿತು. ಅಷ್ಟೇ, ಹೇಳಬೇಕು ಅನ್ನಿಸಿತು.

ಇಂತಿ,
ನಿಮ್ಮ ಮಗಳು


ಫೆಬ್ರವರಿ ೨

ಮಗಳಿಗೆ,

ಕಾಗದ ಬಂತು. ಎಂಟು ವರ್ಷದ ಮಕ್ಕಳಿಗೆ ಯಂತ್ರದಲ್ಲಿ ಅಳತೆ ತೆಗೆಯುತ್ತಾರೆ ಅಂದರೆ ಕಾಲ ಮುಂದುವರಿದಿದೆ. ನಾನು ಮರಕ್ಕೂ ಅಷ್ಟು ಅವಸರ ಮಾಡುತ್ತಿರಲಿಲ್ಲ, ಹಸಿ ಮರವನ್ನು ಎರಡು ವರ್ಷ ಒಣಗಲು ಬಿಟ್ಟು ಆಮೇಲೆ ಮುಟ್ಟುತ್ತಿದ್ದೆ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಅಂಗಡಿಯ ಬಾಗಿಲು ತೆಗೆಯದೆ ಮೂರು ತಿಂಗಳಾಯಿತು. ಹತ್ತರಿಯ ಅಲಗಿಗೆ ತುಕ್ಕು ಹಿಡಿದಿರಬೇಕು. ಹಿಡಿಯಲಿ. ಕಣ್ಣು ಮಂಜು, ಗೆರೆ ಎರಡಾಗಿ ಕಾಣುತ್ತದೆ. ಬಡಗಿಗೆ ಗೆರೆ ಎರಡಾದರೆ ಮನೆಯಲ್ಲಿ ಕೂರುವುದೇ ವಾಸಿ.

ಸವೆದ ಸ್ಕೇಲು ಕಂಡು ಅಪ್ಪನ ನೆನಪಾಯಿತು ಅಂದಿದ್ದೀಯ. ಹೊಗಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ.

ಅಪ್ಪ

(ಬೈದದ್ದಲ್ಲ ಅಂತ ನಾನು ಹೇಳಿದ್ದೇನೆ. ಕಾಗದವನ್ನು ನಾಲ್ಕು ಸಲ ಓದಿದರು. ಹೊತ್ತಿಗೆ ಸರಿಯಾಗಿ ಊಟ ಮಾಡು. — ಅಮ್ಮ)


ಮಾರ್ಚ್ ೧೧

ಅಪ್ಪನಿಗೆ,

ಈ ಸಲ ನೇರ ವಿಷಯಕ್ಕೆ ಬರುತ್ತೇನೆ, ಪೀಠಿಕೆ ಹಾಕುವಷ್ಟು ನೆಮ್ಮದಿ ಇಲ್ಲ.

ಪರೀಕ್ಷೆ ಚೆನ್ನಾಗಿಯೇ ಆಯಿತು ಅಂದುಕೊಂಡಿದ್ದೆ. ನಿನ್ನೆ ಪರೀಕ್ಷಾ ಕಚೇರಿಯಿಂದ ಪತ್ರ ಬಂತು. ನನ್ನ ಕ್ಲಾಸಿನ ಇಪ್ಪತ್ತೇಳರಲ್ಲಿ ಇಪ್ಪತ್ತಾರು ಮಕ್ಕಳು ಗಣಿತದ ಮೂರು ಪ್ರಶ್ನೆಗಳಿಗೆ ತಪ್ಪು ಉತ್ತರ ಬರೆದಿದ್ದಾರೆ. ತಪ್ಪಾದರೆ ಯಾರೂ ಪತ್ರ ಬರೆಯುವುದಿಲ್ಲ. ಇಪ್ಪತ್ತಾರು ಮಕ್ಕಳದೂ ಒಂದೇ ತಪ್ಪು. ಒಂಬತ್ತನೆಯದಕ್ಕೆ ಎಲ್ಲರೂ "ಆ", ಹತ್ತಕ್ಕೆ ಎಲ್ಲರೂ "ಇ", ಹನ್ನೊಂದಕ್ಕೆ ಎಲ್ಲರೂ "ಆ". ಯಾರೋ ಒಬ್ಬರದನ್ನು ನೋಡಿ ಮಿಕ್ಕವರೆಲ್ಲ ಇಳಿಸಿದ್ದಾರೆ ಎಂದು ಯಂತ್ರದ ತೀರ್ಮಾನ. ಸರಿಯಾಗಿ ಬರೆದವಳು ಒಬ್ಬಳೇ. ಅವಳನ್ನು ನಾವೆಲ್ಲ ಕಿಟಕಿ ಅಂತ ಕರೆಯುತ್ತೇವೆ, ಪಾಠ ನಡೆಯುವಾಗ ಅವಳ ಕಣ್ಣು ಇರುವುದೆಲ್ಲ ಹೊರಗೆ.

ಆ ದಿನ ನಾನು ಕೋಣೆಯಲ್ಲಿರಲಿಲ್ಲ. ಕಾವಲಿಗೆ ಬೇರೆ ಶಾಲೆಯವರನ್ನು ಹಾಕಿದ್ದರು. ಪ್ರಶ್ನೆಪತ್ರಿಕೆಯನ್ನು ವಾಪಸು ತೆಗೆದುಕೊಂಡು ಹೋದರು, ಅದನ್ನು ನೋಡುವ ಹಕ್ಕು ನನಗಿಲ್ಲ.

ಹೆಡ್‌ಮೇಡಂ ಮಾತ್ರ ಬೆಳಿಗ್ಗೆಯಿಂದ ಹಗುರಾಗಿದ್ದಾರೆ. ನಕಲು ಅಂತ ಒಪ್ಪಿಕೊಂಡರೆ ನನ್ನ ಕ್ಲಾಸಿನ ಅಂಕಗಳನ್ನು ಲೆಕ್ಕದಿಂದ ತೆಗೆದುಬಿಡುತ್ತಾರೆ. ಆಗ ಉಳಿದ ಎರಡು ವಿಭಾಗಗಳ ಸರಾಸರಿಯೇ ಶಾಲೆಯ ಸರಾಸರಿ, ಪಟ್ಟಿಯಲ್ಲಿ ನಾವು ಮೇಲಕ್ಕೆ. ತಪ್ಪು ಕಾವಲಿಗಿದ್ದವರ ಪಾಲಿಗೆ ಹೋಗುತ್ತದೆ. ನನ್ನ ಮೈಗೆ ಏನೂ ಅಂಟುವುದಿಲ್ಲ. "ಒಂದು ಸಹಿ ಅಷ್ಟೇ. ಮಕ್ಕಳಿಗೇನು, ಬೇಸಿಗೆ ಕಳೆಯೋದರೊಳಗೆ ಮರೆತಿರ್ತಾರೆ" ಅಂದರು. ಹೇಳಿಕೆಯನ್ನು ಟೈಪು ಮಾಡಿಸಿ ನನ್ನ ಮೇಜಿನ ಮೇಲಿಟ್ಟಿದ್ದಾರೆ. ವಿಚಾರಣೆಗೆ ಅಧಿಕಾರಿ ಬರುವುದು ಏಪ್ರಿಲ್ ಮೊದಲ ವಾರ, ಅಷ್ಟರೊಳಗೆ ಸಹಿಯಾಗಬೇಕು.

ಆದರೆ ಇಪ್ಪತ್ತಾರು ಮಕ್ಕಳ ಪ್ರಗತಿಪತ್ರದಲ್ಲಿ "ನಕಲು" ಎಂದು ಬರೆಯುತ್ತಾರೆ. ಅದು ಕೊನೆಯ ಕ್ಲಾಸಿನವರೆಗೂ ಅವರ ಬೆನ್ನು ಬಿಡುವುದಿಲ್ಲ. ನನ್ನ ಮಕ್ಕಳು ಒಬ್ಬರ ರಬ್ಬರು ಇನ್ನೊಬ್ಬರು ಮುಟ್ಟಿದರೆ ಓಡಿ ಬಂದು ದೂರು ಹೇಳುವವರು. ಇಪ್ಪತ್ತಾರು ಜನ ಒಟ್ಟಾಗಿ ನಕಲು ಮಾಡಿ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ ಅಂದರೆ ನಂಬುವುದು ಹೇಗೆ? ನಂಬದೆ ಇರುವುದಾದರೂ ಹೇಗೆ?

ನಿಮಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಇಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲ.

ಮಗಳು


ಮಾರ್ಚ್ ೧೬

ಮಗಳಿಗೆ,

ತಲೆ ಮೇಲೆ ಕೈ ಹೊತ್ತುಕೊಂಡು ಕೂರಬೇಡ. ಪ್ರಶ್ನೆಪತ್ರಿಕೆ ನೋಡುವ ಹಕ್ಕು ನಿನಗಿಲ್ಲ, ಸರಿ. ನೋಡಿ ಬಂದವರು ಇಪ್ಪತ್ತೇಳು ಜನ ನಿನ್ನ ಎದುರಿಗೇ ಕೂತಿದ್ದಾರಲ್ಲ. ಅವರನ್ನು ಕೇಳು. ಗದರಿಸಬೇಡ. ಗದರಿಸಿದರೆ ಮಕ್ಕಳು ನಿನಗೆ ಬೇಕಾದ ಉತ್ತರ ಕೊಡುತ್ತಾರೆ, ನಿಜವಾದದ್ದನ್ನಲ್ಲ.

ಒಬ್ಬನೇ ಬಡಗಿ ಮಾಡಿದ ಹತ್ತು ಕುರ್ಚಿ ಒಂದೇ ಕಡೆ ಕುಂಟಿದರೆ ನಾನು ಕುರ್ಚಿಗಳನ್ನು ಬೈಯುವುದಿಲ್ಲ. ಅಷ್ಟು ಮಾತ್ರ ಹೇಳುತ್ತೇನೆ.

ಅಪ್ಪ


ಮಾರ್ಚ್ ೨೦

ಅಪ್ಪನಿಗೆ,

ಕುಂಟಿದ ಕುರ್ಚಿಗಳ ಬಡಗಿ ಸಿಕ್ಕಿದ್ದಾಳೆ. ಪತ್ರ ಬರೆಯುತ್ತಿರುವವಳೇ.

ಆ ಮೂರು ಪ್ರಶ್ನೆ ಏನಿದ್ದವು ಅಂತ ಕೇಳಿದೆ. ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಒಂದರಲ್ಲಿ ಪೆನ್ಸಿಲಿನ ಚಿತ್ರವಂತೆ, ಒಂದರಲ್ಲಿ ಎಲೆ, ಇನ್ನೊಂದರಲ್ಲಿ ಬೀಗದ ಕೈ. ಪ್ರತಿಯೊಂದರ ಕೆಳಗೂ ಒಂದು ಸ್ಕೇಲಿನ ಚಿತ್ರ. ಎಷ್ಟು ಉದ್ದ? ಮುಂದಿನ ಬೆಂಚಿನವಳು ಬೋರ್ಡಿನ ಮೇಲೆ ಬರೆದೇ ತೋರಿಸಿದಳು. ಪೆನ್ಸಿಲು ಸೊನ್ನೆಯಲ್ಲಿ ಶುರುವಾಗಿ ಒಂಬತ್ತರಲ್ಲಿ ಮುಗಿಯುತ್ತದೆ. ಉತ್ತರ ಎಷ್ಟಮ್ಮಾ ಅಂದೆ. ಇಡೀ ಕ್ಲಾಸು ಒಂದೇ ದನಿಯಲ್ಲಿ "ಎಂಟು" ಅಂತು. ಯಾಕೆ ಅಂದೆ. ನನಗೇ ಪಾಠ ಹೇಳುವ ಹಾಗೆ ಹೇಳಿದರು: "ಕೊನೇಲಿ ಒಂದು ಕಳೀಬೇಕಲ್ವಾ ಮಿಸ್!"

ನಾನು ಕುರ್ಚಿ ಹುಡುಕಿಕೊಂಡು ಕೂತೆ.

ಅಂಗಡಿಯಲ್ಲಿ ನೀವು ನನಗೆ ಹೇಳಿಕೊಟ್ಟದ್ದು ನೆನಪಿದೆಯಾ? ಟೇಪಿನ ತುದಿಯನ್ನು ನಂಬಬೇಡ, ಅದರ ಕೊಕ್ಕೆ ಅಲ್ಲಾಡುತ್ತದೆ, ಸ್ಕೇಲಿನ ತುದಿ ಸವೆದಿರುತ್ತದೆ. ಒಂದರ ಗೆರೆಯಿಂದ ಅಳತೆ ಶುರುಮಾಡು, ಕೊನೆಗೆ ಬಂದದ್ದರಲ್ಲಿ ಒಂದು ಕಳೆ. ಉಗ್ರಾಣದ ಆ ಸವೆದ ಸ್ಕೇಲುಗಳನ್ನು ಮಕ್ಕಳಿಗೆ ಹಂಚಿ ಅದನ್ನೇ ಕಲಿಸಿದೆ. "ಒಂದರಿಂದ ಶುರು, ಒಂದು ಕಳೆ" ಅಂತ ದಿನಾ ಹಾಡಿಸಿದೆ. ಬೆಂಚು ಅಳೆದರು, ಬಾಗಿಲು ಅಳೆದರು, ನನ್ನ ಜಡೆಯನ್ನೂ ಅಳೆದರು. ಪುಸ್ತಕದ ಚಿತ್ರದಲ್ಲಿರುವ ಸ್ಕೇಲನ್ನು ಒಮ್ಮೆಯೂ ತೋರಿಸಲಿಲ್ಲ. ಕೈಯಲ್ಲಿ ಹಿಡಿದು ಅಳೆಯುವುದೇ ನಿಜವಾದ ಕಲಿಕೆ ಅಂತ ನನಗೆ ಜಂಭ. ಒಂದು ಯಾಕೆ ಕಳೆಯಬೇಕು ಅಂತ ಮಾತ್ರ ಹೇಳಿರಲಿಲ್ಲ. ಯಾಕೆ ಅಂತ ಗೊತ್ತಿಲ್ಲದವರಿಗೆ ಯಾವಾಗ ಕಳೆಯಬಾರದು ಅಂತ ಹೇಗೆ ಗೊತ್ತಾಗಬೇಕು? ಗಿಳಿಗಳಿಗೆ ಪಾಠ ಅಂದಿದ್ದಿರಿ. ಮಾಡಿದ್ದು ಅದನ್ನೇ.

ಈಗ ನನಗೆ ಗೊತ್ತಿದೆ, ಮಕ್ಕಳು ನಕಲು ಮಾಡಿಲ್ಲ. ಆದರೆ ಇದನ್ನು ಹೇಳಿದರೆ ತಪ್ಪು ಕಲಿಸಿದವಳು ನಾನೇ ಅಂತ ಬರೆದುಕೊಟ್ಟ ಹಾಗೆ. ಖಾಯಂ ಆಗುವ ವರ್ಷ. ಅಂಕಗಳು ಲೆಕ್ಕಕ್ಕೆ ಬರುತ್ತವೆ, ಶಾಲೆ ಕೆಳಗಿಳಿಯುತ್ತದೆ, ಹೆಡ್‌ಮೇಡಂ ಕೈಬಿಡುತ್ತಾರೆ. ಸಹಿ ಹಾಕಿದರೆ ಎಲ್ಲ ದೊಡ್ಡವರೂ ಕ್ಷೇಮ. ಬಹುಶಃ ಹಾಕಿಬಿಡುತ್ತೇನೆ ಅಪ್ಪ. ಎಂಟು ವರ್ಷದ ಮಕ್ಕಳು ಮರೆಯುತ್ತಾರೆ ಅಂತ ಹೆಡ್‌ಮೇಡಂ ಹೇಳುವುದು ನಿಜವೂ ಇರಬಹುದು.

ಮಗಳು


ಮಾರ್ಚ್ ೨೬

ಚಕ್ಕೆಗೆ,

ಮರದ ಚಕ್ಕೆಗಳ ರಾಶಿಯಲ್ಲಿ ಆಡುತ್ತಿದ್ದವಳನ್ನು ಹೀಗೇ ಕರೆಯುತ್ತಿದ್ದೆ. ಬಿಟ್ಟು ಬಹಳ ದಿನವಾಯಿತು, ಇವತ್ತು ಕರೆಯಬೇಕು ಅನ್ನಿಸಿತು.

ಈ ಕಾಗದ ಬರೆಯಲು ಎರಡು ದಿನ ಹಿಡಿಯಿತು. ನೀನು ಸಹಿ ಹಾಕುವ ಮೊದಲು ಇದು ಸೇರಬೇಕು.

ನಿನಗೆ ಆಗ ಒಂಬತ್ತು ವರ್ಷ. ನಿನ್ನ ಮಾವ, ಅಮ್ಮನ ತಮ್ಮ, ನನ್ನ ಜೊತೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದನಲ್ಲ, ಅವನೇ. ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಹದಿನಾಲ್ಕು ಬಾಗಿಲು ಒಪ್ಪಿಕೊಂಡಿದ್ದೆವು. ಒಳ್ಳೆಯ ತೇಗ. ಟೇಪಿನ ತುದಿ ಅವನ ಕೈಯಲ್ಲಿ, ಒಂದರ ಗೆರೆಯಲ್ಲಿ ಹಿಡಿ ಅಂದೆ, ಹಿಡಿದ. ಒಂದರಿಂದ ಶುರುಮಾಡಿದಾಗ ಕುಯ್ಯುವವನು ಗುರುತು ಹಾಕಬೇಕಾದದ್ದು ಒಂದು ಇಂಚು ಮುಂದೆ. ಅದು ನನ್ನ ಕೆಲಸ. ಆ ದಿನ ಮರೆತೆ. ಮೊದಲಿನದಕ್ಕೆ ಮರೆತು, ಅದನ್ನೇ ಅಳತೆಯಾಗಿಟ್ಟುಕೊಂಡು ಎಲ್ಲವನ್ನೂ ಕುಯ್ದೆ. ಹದಿನಾಲ್ಕೂ ಒಂದೊಂದು ಇಂಚು ಗಿಡ್ಡ.

ಕಟ್ಟಡದ ಮೇಸ್ತ್ರಿ ಬಂದು ಎಲ್ಲರ ಎದುರಿಗೆ ಕೂಗಾಡಿದ. ನಾನು ನಿನ್ನ ಮಾವನ ಕಡೆ ಕೈ ತೋರಿಸಿದೆ. "ಟೇಪಿನ ತುದಿ ಹಿಡಿಯೋಕೂ ಬರಲ್ಲ ಇವನಿಗೆ" ಅಂದೆ. ಅವನು ನನ್ನ ಮುಖ ನೋಡಿದ. ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಅಂತ ನನಗೂ ಗೊತ್ತಿತ್ತು. ಟೇಪನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಹದಿನೇಳು ವರ್ಷವಾಯಿತು.

ಮಾವ ಯಾಕೆ ಬರುವುದಿಲ್ಲ ಅಂತ ನೀನು ಕೇಳಿದಾಗೆಲ್ಲ ಅವನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು ಅಂದೆ. ನಿನ್ನ ಅಮ್ಮ ಒಂದು ಸಲವೂ ಕೇಳಲಿಲ್ಲ. ಅವಳು ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಆ ಬಾಗಿಲುಗಳ ಮರ ಇನ್ನೂ ಅಂಗಡಿಯ ಅಟ್ಟದ ಮೇಲಿದೆ. ಬಾಗಿಲಿಗೆ ಬರುವುದಿಲ್ಲ, ಬೇರೆ ಯಾವುದಕ್ಕೂ ಬಳಸಲು ನನಗೆ ಮನಸ್ಸು ಬರಲಿಲ್ಲ. ಪರೀಕ್ಷೆಗೆ ಓದಲು ನೀನು ಹತ್ತಿ ಕೂರುತ್ತಿದ್ದದ್ದು ಅದರ ಮೇಲೆಯೇ.

ಮರೆಯುತ್ತಾರೆ ಅನ್ನುತ್ತೀಯ. ಅವನು ಮರೆತನೋ ಇಲ್ಲವೋ ನಾನರಿಯೆ. ನಾನು ಮರೆತಿಲ್ಲ. ನೀನು ಸಹಿ ಹಾಕಿದರೆ ಮಕ್ಕಳು ಮರೆತ ಮೇಲೂ ನೆನಪಿಟ್ಟುಕೊಳ್ಳಬೇಕಾದವಳು ನೀನು.

ಇನ್ನೊಂದು ಮಾತು. ಯಾಕೆ ಕಳೆಯಬೇಕು ಅಂತ ನೀನು ಮಕ್ಕಳಿಗೆ ಹೇಳಲಿಲ್ಲ ಅಂದೆಯಲ್ಲ. ನಾನು ನಿನಗೆ ಹೇಳಿದ್ದೆ, ಆದರೆ ಹತ್ತು ಸಲ ಕೇಳಿದ ಮೇಲೆ, ತಲೆಗೊಂದು ಮೊಟಕಿ. ನನ್ನ ಹತ್ತಿರ ನೀನು ಏನೂ ಕಲಿಯಲಿಲ್ಲ ಅಂತ ಇಷ್ಟು ದಿನ ಮುಖ ಊದಿಸಿಕೊಂಡಿದ್ದೆ. ನಿನ್ನ ಪತ್ರ ಓದಿದಾಗ, ಸಂಕಟದ ಸಮಯದಲ್ಲಿ ಹೀಗೆ ಅನ್ನಬಾರದು, ಸಂತೋಷವಾಯಿತು.

ಅಪ್ಪ

(ಇದನ್ನು ಅಮ್ಮನಿಗೆ ಓದಲು ಕೊಟ್ಟೆ. ಓದಿದಳು. ಕೆಳಗೆ ಏನಾದರೂ ಬರೆಯುತ್ತೀಯಾ ಅಂದೆ. ಬೇಡ ಅಂದಳು.)


ಏಪ್ರಿಲ್ ೯

ಅಪ್ಪನಿಗೆ,

ಸಹಿ ಹಾಕಲಿಲ್ಲ. ಟೈಪು ಮಾಡಿದ ಹಾಳೆಯ ಹಿಂಬದಿಯಲ್ಲೇ ನನ್ನ ಕೈಬರಹದಲ್ಲಿ ಬರೆದೆ: ಮಕ್ಕಳು ಯಾರದನ್ನೂ ನೋಡಿ ಬರೆದಿಲ್ಲ, ನಾನು ಕಲಿಸಿದ್ದನ್ನು ಕಲಿಸಿದ ಹಾಗೆಯೇ ಮಾಡಿದ್ದಾರೆ, ಅರ್ಧ ಕಲಿಸಿದ ತಪ್ಪು ನನ್ನದು. ಹೆಡ್‌ಮೇಡಂ ಓದಿ ಕನ್ನಡಕ ತೆಗೆದಿಟ್ಟರು. "ನಿಮಗೆ ಬುದ್ಧಿ ಹೇಳೋ ವಯಸ್ಸು ನನ್ನದು, ಕೇಳೋ ವಯಸ್ಸು ನಿಮ್ಮದಲ್ಲ" ಅಂದರು. ಅವತ್ತಿನಿಂದ ನನ್ನ ಜೊತೆ ಮಾತೆಲ್ಲ ಸೀಮೆಸುಣ್ಣದ ಡಬ್ಬಿಯ ವಿಷಯಕ್ಕೆ ಮಾತ್ರ.

ಹೋದ ವಾರ ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಮೂರು ಪೆನ್ನು. ನನ್ನ ಬರಹವನ್ನು ಓದಿ, ಕಥೆ ಚೆನ್ನಾಗಿದೆ ಅಂದರು, ನಂಬಿದ ಹಾಗೆ ಕಾಣಲಿಲ್ಲ. ಮಕ್ಕಳಿಗೆ ನಾನೇ ಹೇಳಿಕೊಟ್ಟು ತಯಾರು ಮಾಡಿರಬಹುದು ಅಂತ ಅವರ ಅನುಮಾನ. ಅದಕ್ಕೇ ಎಲ್ಲರನ್ನೂ ಬಿಟ್ಟು ಕಿಟಕಿಯನ್ನು ಕರೆಸಿದರು. ನಕಲು ಮಾಡದವಳು ಅವಳೊಬ್ಬಳೇ, ಯಾರು ಯಾರದನ್ನು ನೋಡಿದರು ಅಂತ ಅವಳು ಹೇಳಬಲ್ಲಳು ಎಂದು ಅವರ ಲೆಕ್ಕ. ನಾನು ಮೂಲೆಯ ಕುರ್ಚಿಯಲ್ಲಿ, ಮಾತಾಡಬಾರದು ಅಂತ ಅಪ್ಪಣೆ.

ಆ ಮೂರು ಲೆಕ್ಕ ಹೇಗೆ ಮಾಡಿದೆ ಪುಟ್ಟಾ ಅಂತ ಮೆಲ್ಲಗೆ ಕೇಳಿದರು. ಕಿಟಕಿ ಜೀವಮಾನದಲ್ಲಿ ಮೊದಲ ಸಲ ಹೊರಗೆ ನೋಡದೆ ನೆಲ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ತಪ್ಪಾಯ್ತು ಮಿಸ್. ನಾನು ಒಂದು ಕಳೆಯೋದು ಮರ್ತುಬಿಟ್ಟೆ" ಅಂತ ಅಳಲು ಶುರುಮಾಡಿದಳು.

ಸರಿಯಾಗಿ ಬರೆದವಳು ಅವಳೊಬ್ಬಳೇ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ನಾನೂ ಸಹ. ಅಧಿಕಾರಿ ಬರೆಯುತ್ತಿದ್ದ ಪೆನ್ನನ್ನು ಮುಚ್ಚಿದರು. ಸ್ಕೇಲುಗಳ ಪೆಟ್ಟಿಗೆ ತರಿಸಿದರು. ಒಂದೊಂದನ್ನೇ ಎತ್ತಿ ಸವೆದ ತುದಿಯ ಮೇಲೆ ಹೆಬ್ಬೆರಳು ಆಡಿಸಿದರು. ನನ್ನನ್ನು ಕೇಳಿದರು, "ಒಂದರಿಂದ ಅಳೆಯೋದನ್ನ ನಿಮಗೆ ಕಲಿಸಿದ್ದು ಯಾರು?"

"ನಮ್ಮಪ್ಪ. ಬಡಗಿ" ಅಂದೆ. ಎಷ್ಟು ವರ್ಷದ ಮೇಲೆ ಆ ಮಾತನ್ನು ಹೀಗೆ ತಲೆ ಎತ್ತಿ ಹೇಳಿದೆನೋ.

ನಕಲು ಅಲ್ಲ ಅಂತ ತೀರ್ಮಾನವಾಯಿತು. ಮಕ್ಕಳ ಪ್ರಗತಿಪತ್ರ ಸ್ವಚ್ಛವಾಗಿದೆ. ತಪ್ಪು ಉತ್ತರ ಮಾತ್ರ ತಪ್ಪೇ, ಅದಕ್ಕೆ ಅಂಕವಿಲ್ಲ. ಪಟ್ಟಿಯಲ್ಲಿ ನಮ್ಮ ಶಾಲೆ ಕೆಳಗಿನಿಂದ ಎರಡನೆಯದು. ನನ್ನ ಖಾಯಂ ಒಂದು ವರ್ಷ ಮುಂದಕ್ಕೆ ಹೋಗಿದೆ. ಅಳು ಬಂತು, ಅತ್ತೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಮುಖ ತೊಳೆದುಕೊಂಡು ಕ್ಲಾಸಿಗೆ ಹೋಗಿ ಒಂದು ದಾರ ತೆಗೆದುಕೊಂಡು ಉದ್ದ ಅಂದರೆ ಏನು ಅಂತ ಮೊದಲಿನಿಂದ ಶುರುಮಾಡಿದೆ. ಯಾವಾಗ ಕಳೆಯಬೇಕು, ಯಾವಾಗ ಕಳೆಯಬಾರದು, ಎರಡೂ. ಯಾಕೆ ಅಂತ ಕೇಳಿದವರಿಗೆ ಮೊಟಕಲಿಲ್ಲ.

ನಿಮ್ಮ ಪತ್ರದ ಬಗ್ಗೆ ಏನು ಬರೆಯಬೇಕೋ ತಿಳಿಯದು. ದಿಂಬಿನ ಕೆಳಗಿದೆ. ನನಗೆ ಮಾವನ ಹೆಗಲು ನೆನಪಿದೆ. ಅಮ್ಮ ಹೇಗಿದ್ದಾಳೆ?

ನಿಮ್ಮ
ಚಕ್ಕೆ


ಜೂನ್ ೫

ಚಕ್ಕೆಗೆ,

ಎರಡು ತಿಂಗಳು ಉತ್ತರ ಬರೆಯಲಿಲ್ಲ ಅಂತ ಸಿಟ್ಟಾಗಬೇಡ. ಕೈಗೆ ಕೆಲಸವಿತ್ತು. ಇದರ ಜೊತೆಗೆ ಬಂದಿರುವ ಪಾರ್ಸಲನ್ನು ಜೋಪಾನವಾಗಿ ಬಿಚ್ಚು.

ಇಪ್ಪತ್ತೆಂಟು ಸ್ಕೇಲುಗಳಿವೆ. ಮಕ್ಕಳಿಗೆ ಇಪ್ಪತ್ತೇಳು, ನಿನಗೊಂದು. ಈ ಮಕ್ಕಳು ನಾಲ್ಕನೇ ಕ್ಲಾಸಿಗೆ ಹೋಗಿರುತ್ತಾರೆ, ಆದರೂ ಮೊದಲು ಅವರ ಕೈಗೆ ಕೊಟ್ಟು ಆಮೇಲೆ ಪೆಟ್ಟಿಗೆಗೆ ಹಾಕು. ಒಂದು ತುದಿಯಲ್ಲಿ ಎರಡು ಬೆರಳಗಲ ಖಾಲಿ ಬಿಟ್ಟಿದ್ದೇನೆ, ಸೊನ್ನೆ ಇರುವುದು ಅದರ ಒಳಗಡೆ. ತುದಿ ಸವೆಯಲಿ, ಕಚ್ಚಲಿ, ಸೊನ್ನೆಗೆ ಏನೂ ಆಗುವುದಿಲ್ಲ. ಒಂದು ಕಳೆಯುವ ಗೋಜೂ ಇಲ್ಲ. ಇಷ್ಟು ಸುಲಭದ ಉಪಾಯ ಐವತ್ತು ವರ್ಷ ಮರ ಕುಯ್ದವನಿಗೆ ಯಾಕೆ ಹೊಳೆಯಲಿಲ್ಲವೋ.

ಮರ ಯಾವುದು ಅಂತ ಮೂಸಿ ನೋಡಿದರೆ ನಿನಗೆ ಗೊತ್ತಾಗುತ್ತದೆ. ಅಟ್ಟದ ಮೇಲಿದ್ದದ್ದು. ಬಾಗಿಲಿಗೆ ಗಿಡ್ಡ, ಸ್ಕೇಲಿಗೆ ಧಾರಾಳ.

ಕುಯ್ದದ್ದು, ಹತ್ತರಿ ಹೊಡೆದು ನುಣುಪು ಮಾಡಿದ್ದು ನಾನು. ಗೆರೆ ಕೊರೆದದ್ದು ನಾನಲ್ಲ, ನನ್ನ ಕಣ್ಣಿಗೆ ಅದು ಆಗದ ಕೆಲಸ. ಅದಕ್ಕೆ ಒಬ್ಬ ಸರಿಯಾದ ಕೆಲಸಗಾರ ಬೇಕಿತ್ತು. ಏಪ್ರಿಲ್‌ನಲ್ಲಿ ನಿನ್ನ ಮಾವನಿಗೆ ಕಾಗದ ಬರೆದೆ. ವಿಳಾಸ ನಿನ್ನ ಅಮ್ಮನ ಹತ್ತಿರ ಇತ್ತು. ಹದಿನೇಳು ವರ್ಷವೂ ಇತ್ತು. ನಾನು ಕೇಳಿರಲಿಲ್ಲ.

ಗೆರೆಗಳು ಹೇಗಿವೆ ಅಂತ ಬರೆ, ಅವನು ಕೇಳುತ್ತಿದ್ದಾನೆ.

ಅಪ್ಪ

(ನಿನ್ನ ಅಪ್ಪ ಎಲ್ಲ ಬರೆದಿದ್ದಾರೆ, ಒಂದು ಬಿಟ್ಟು. ಅವನು ಬಂದ ದಿನ ಇಬ್ಬರೂ ಅಂಗಡಿಗೆ ಹೋದರು. ನಾನು ಬಾಗಿಲಲ್ಲೇ ಇದ್ದೆ. ಆಮೇಲೆ ಇವರು ಟೇಪು ತೆಗೆದು ಅವನ ಕೈಗೆ ಕೊಟ್ಟು, ತುದಿ ಹಿಡಿಯಲು ತಾವು ಬಗ್ಗಿದರು. — ಅಮ್ಮ)